ಮೊಂಡಾದ ಕತ್ತಿ

ಬೆಳಿಗ್ಗೆ ಹಿತ್ತಲಿನಲ್ಲಿ ಚರ್ಮದ ಪಟ್ಟಿಯ ಮೇಲೆ ಕ್ಷೌರದ ಕತ್ತಿ ಆಡುವ ಸದ್ದು ಕೇಳುತ್ತಿರುವಷ್ಟು ಹೊತ್ತು ಸಂಘಮಿತ್ರಳಿಗೆ ಭಯವಿರಲಿಲ್ಲ. ಆ ಸದ್ದು ನಿಂತಾಗ ಭಯ ಶುರುವಾಗುತ್ತಿತ್ತು. ನಿಂತಿತೆಂದರೆ ಅಪ್ಪ ಕತ್ತಿಯನ್ನು ಕೆನ್ನೆಗೆ ತಂದನೆಂದು ಅರ್ಥ. ಅಲ್ಲಿಂದ ಅವನು ಮುಖ ತೊಳೆದು ತಂಬಿಗೆ ಕೆಳಗಿಡುವವರೆಗೆ ಅವಳು ಒಲೆಯ ಮುಂದೆ ಸೌಟು ಹಿಡಿದು ಹಾಗೇ ನಿಂತಿರುತ್ತಿದ್ದಳು. ಉಪ್ಪಿಟ್ಟು ಎಷ್ಟು ಸಲ ತಳ ಹಿಡಿಯಿತೋ ಲೆಕ್ಕವಿಲ್ಲ. ಅವ್ವ ಚಲುವಮ್ಮ ಮಾತ್ರ, "ನಿಮ್ಮಪ್ಪ ನಾನು ಮದ್ವೆ ಆದಾಗ್ಲಿಂದ ಅದ್ರಲ್ಲೇ ಕೆರ್ಕತಾ ಅವ್ರೆ. ನೀನ್ಯಾಕೆ ಉಸ್ರು ಬಿಗಿ ಹಿಡ್ಕಂಡು ಸಾಯ್ತೀಯೆ" ಎಂದು ಬೈಯುತ್ತಿದ್ದಳು.

ಹೆದರುವುದಕ್ಕೆ ಕಾರಣವಿತ್ತು. ಹಿಂದಿನ ವರ್ಷ ಅಪ್ಪ ಸಣ್ಣಮಾದಯ್ಯನ ಹೃದಯದ ಒಂದು ಕವಾಟ ಕೆಟ್ಟು, ಎದೆ ತೆರೆದು ಹೊಸದನ್ನು ಕೂರಿಸಿದ್ದರು. ಅದರಲ್ಲಿ ರಕ್ತ ಗಟ್ಟಿಯಾಗಿ ಕಟ್ಟಿಕೊಳ್ಳಬಾರದೆಂದು ಬದುಕಿರುವಷ್ಟು ಕಾಲ ದಿನವೂ ಒಂದು ಮಾತ್ರೆ ನುಂಗಬೇಕಿತ್ತು. ಸಂಘಮಿತ್ರ ಮೈಸೂರಿನ ಬನ್ನಿಮಂಟಪದ ಒಂದು ಮೆಡಿಕಲ್ ಶಾಪಿನಲ್ಲಿ ಫಾರ್ಮಸಿಸ್ಟ್. "ಗಾಯ ಆಗದ ಹಾಗೆ ನೋಡ್ಕೊಳಿ, ಈ ಮಾತ್ರೆ ತಗೊಂಡ್ರೆ ರಕ್ತ ಬೇಗ ನಿಲ್ಲಲ್ಲ" ಎಂದು ಬಂದವರಿಗೆಲ್ಲ ಗಿಳಿಪಾಠ ಒಪ್ಪಿಸುವವಳು ಅವಳೇ. ಊರಿಗೆಲ್ಲ ಬುದ್ಧಿ ಹೇಳಿ ಹೂಟಗಳ್ಳಿಯ ತನ್ನ ಮನೆಯಲ್ಲಿ ಕಣ್ಣು ಬಿಟ್ಟರೆ, ಅದೇ ಮಾತ್ರೆ ನುಂಗುವ ಅಪ್ಪ ಬೆತ್ತಲೆ ಕತ್ತಿಯನ್ನು ಗಂಟಲ ಮೇಲೆ ಆಡಿಸುತ್ತಾ ನಿಂತಿರುತ್ತಿದ್ದ. ಅದೂ ಸಾಲದೆಂಬಂತೆ, ಆಪರೇಷನ್ ಆದಮೇಲೆ ಅವನ ಬಲಗೈ ಆಗಾಗ ನಡುಗತೊಡಗಿತ್ತು. ಕಾಫಿ ಲೋಟ ಹಿಡಿದರೆ ಕಾಫಿ ಅಂಚಿನಿಂದ ತುಳುಕುತ್ತಿತ್ತು.

ಅವಳೇನು ಸುಮ್ಮನೆ ಕೂತಿರಲಿಲ್ಲ. ಟ್ರಿಮ್ಮರ್ ತಂದುಕೊಟ್ಟಳು. ಅಪ್ಪ ಮಗಳ ಮನಸ್ಸು ನೋಯಬಾರದೆಂದು ಒಂದು ದಿನ ಅದನ್ನು ಮುಖದ ಮೇಲೆ ಓಡಿಸಿ, ಅಂಗೈಯಿಂದ ಕೆನ್ನೆ ಸವರಿ ನೋಡಿ, "ಇದು ಬೋಳ್ಸಿದ್ದಲ್ಲ ಕಣವ್ವ, ಕುರಿ ಮೇಯ್ಸಿದ್ದು" ಎಂದು ವಾಪಸ್ ಕೊಟ್ಟ. ಅಂಗಡಿಯಲ್ಲಿ ಸಿಗುವ ಎರಡು ಮೂರು ಬ್ಲೇಡಿನ ರೇಜರ್ ತಂದಳು. ಅವನದು ಸುರುಳಿ ಕೂದಲು. ಆ ರೇಜರ್ ಕೂದಲನ್ನು ಎಳೆದು ಚರ್ಮದೊಳಗೇ ಕತ್ತರಿಸಿ, ಅದು ಒಳಗೊಳಗೇ ಬೆಳೆದು, ವಾರ ಕಳೆಯುವುದರೊಳಗೆ ಕತ್ತಿನ ತುಂಬ ಕೀವುಗುಳ್ಳೆ ಎದ್ದವು. ಹೊಸ ಕವಾಟ ಹಾಕಿಸಿಕೊಂಡವನಿಗೆ ಕೀವುಗುಳ್ಳೆಯೂ ಒಳ್ಳೆಯದಲ್ಲವೆಂದು ಅವಳಿಗೇ ಗೊತ್ತಿತ್ತು. ಆ ವಾದದಲ್ಲಿ ಅವಳು ಸೋತಳು.

ಉಳಿದದ್ದು ಸಲೂನು. ಮುಖ್ಯ ರಸ್ತೆಯಲ್ಲಿ ಚೆಲುವರಾಜು ಎಂಬ ಹುಡುಗನದೊಂದು ಅಂಗಡಿ ಇತ್ತು. ಒಳ್ಳೆಯ ಕೈ, ಒಳ್ಳೆಯ ಬಾಯಿ. ಸಣ್ಣಮಾದಯ್ಯ ಮುಂದೆ ಹಾದುಹೋದಾಗಲೆಲ್ಲ, "ಬನ್ನಿ ಯಜಮಾನ್ರೆ, ಒಂದ್ಸಲ ನಮ್ಮ ಕೈನೂ ನೋಡಿ" ಎಂದು ಕರೆಯುತ್ತಿದ್ದ. ಅಪ್ಪ ನಕ್ಕು ಕೈಮುಗಿದು ಮುಂದೆ ಹೋಗುತ್ತಿದ್ದ. ಮನೆಯಲ್ಲಿ ಕೇಳಿದರೆ ಒಂದು ದಿನ ಅಲ್ಲಿ ಹಾಡಿನ ಗಲಾಟೆ, ಇನ್ನೊಂದು ದಿನ ಪೌಡರಿನ ವಾಸನೆ ತಲೆಗೆ ಏರುತ್ತದೆ ಎನ್ನುತ್ತಿದ್ದ. ತಲೆಗೂದಲನ್ನು ಕೂಡ ಚಲುವಮ್ಮನೇ ಬಟ್ಟೆ ಕತ್ತರಿಯಿಂದ ಕತ್ತರಿಸುತ್ತಿದ್ದಳು. ಹಿಂದಲೆ ಮೆಟ್ಟಿಲು ಮೆಟ್ಟಿಲಾಗಿರುತ್ತಿತ್ತು. ಈಗ ಅವಳ ಕಣ್ಣಿಗೂ ಪೊರೆ ಬಂದು ಅದೂ ಕಷ್ಟವಾಗಿತ್ತು. ಆದರೂ ಅವನು ಹೋಗಲಿಲ್ಲ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಮುದುಕ ಎಂದು ಮಗಳು ಕೈಚೆಲ್ಲಿದಳು.

ಆ ಕತ್ತಿಯ ಮೇಲೆ ಅವನಿಗೆ ಯಾಕೆ ಅಷ್ಟು ಮೋಹವೆಂದು ಮನೆಯವರಿಗೆ ತಿಳಿಯದ್ದೇನಲ್ಲ. ಕಪಿಲಾ ಹೊಳೆಯ ಆಚೆಯ ಅವನ ಹುಟ್ಟೂರಿನಲ್ಲಿ, ಊರಿನವರಿಗೆ ಕ್ಷೌರ ಮಾಡುವವನು ಇವರ ಕೇರಿಗೆ ಬರುವಂತಿರಲಿಲ್ಲ. ಬಂದರೆ ಅವನಿಗೂ ದಂಡ. ಹಾಗಾಗಿ ಕೇರಿಯ ಗಂಡಸರು ಒಬ್ಬರಿಗೊಬ್ಬರು ಮಾಡಿಕೊಳ್ಳಬೇಕಿತ್ತು. ಪ್ರಾಯದ ಸಣ್ಣಮಾದಯ್ಯನ ಕೈ ಎಲ್ಲರಿಗಿಂತ ಸ್ಥಿರ. ಭಾನುವಾರ ಹೊಂಗೆಮರದ ಕೆಳಗೆ ಕೇರಿಯ ಅರ್ಧ ಗಂಡಸರು ಅವನ ಮುಂದೆ ಗಂಟಲು ಒಡ್ಡಿ ಕೂರುತ್ತಿದ್ದರು. ಆಮೇಲೆ ಮೈಸೂರಿಗೆ ಬಂದು ಕಾರ್ಖಾನೆ ಸೇರಿ, ಹೂಟಗಳ್ಳಿಯಲ್ಲಿ ಸೈಟು ಕೊಂಡು, ಗೋಡೆಗೆ ಬುದ್ಧನ ಪಟ ಬಾಬಾಸಾಹೇಬರ ಪಟ ಹಾಕಿ, ಮಗಳಿಗೆ ಸಂಘಮಿತ್ರ ಎಂದು ಹೆಸರಿಟ್ಟ. ಎಲ್ಲ ಬದಲಾಯಿತು. ಕತ್ತಿ ಬದಲಾಗಲಿಲ್ಲ. ಕೂದಲೆಳೆಯಷ್ಟು ಗಡ್ಡವಿದ್ದರೂ ಅವನು ಹೊರಗೆ ಹೊಸಿಲು ದಾಟುತ್ತಿರಲಿಲ್ಲ. "ಗಡ್ಡ ಬುಟ್ರೆ ನಮ್ಮಿಷ್ಟಕ್ಕೆ ಬುಡ್ಬೇಕು. ಇನ್ನೊಬ್ರು ಬುಡ್ಸುದ್ರು ಅಂತ ಬುಡ್ಬಾರ್ದು" ಎನ್ನುತ್ತಿದ್ದ. ಸಂಘಮಿತ್ರ ಮದುವೆಯಾಗಿ ನಾಲ್ಕು ವರ್ಷಕ್ಕೆ ಸಾಕೆನಿಸಿ ಗಂಡನ ಮನೆ ಬಿಟ್ಟು ಬಂದಾಗ, ಯಾಕೆ ಬಂದೆ ಎಂದು ಒಂದು ಸಲವೂ ಕೇಳದೆ ಚಾಪೆ ಹಾಸಿಕೊಟ್ಟ ಅಪ್ಪ ಅವನು. ಅವನಿಗೆ ಜೋರು ಮಾಡುವುದು ಅವಳ ಕೈಲಾಗುತ್ತಿರಲಿಲ್ಲ.

ಬೇಸಿಗೆ ಶುರುವಾದಾಗ ಅವಳ ಭಯಕ್ಕೆ ಇನ್ನೊಂದು ಕೈ ಸೇರಿತು. ಚರ್ಮದ ಪಟ್ಟಿಯ ಒಂದು ತುದಿಯನ್ನು ಹಿತ್ತಲ ಕಿಟಕಿಯ ಸರಳಿಗೆ ಕಟ್ಟಿ, ಇನ್ನೊಂದು ತುದಿಯನ್ನು ಎಡಗೈಯಲ್ಲಿ ಬಿಗಿಯಾಗಿ ಎಳೆದು ಹಿಡಿದು, ಬಲಗೈಯಲ್ಲಿ ಕತ್ತಿ ಆಡಿಸಬೇಕು. ಹಾಗೆ ಎಳೆದಾಗ ಎದೆಯ ಹೊಲಿಗೆ ಹಾಕಿದ್ದ ಕಡೆ ಅವನಿಗೆ ನೋವು. "ಮಿತ್ರ, ಬಾ ಇಲ್ಲಿ" ಎಂದು ಕರೆದ. "ಇನ್ಮೇಲೆ ನೀನು ಉಜ್ಕೊಡು."

"ನನ್ನ ಕೈಲಾಗಲ್ಲಪ್ಪ."

"ಮಾತ್ರೆ ಅಳ್ತೆ ಮಾಡಿ ಕೊಡೋಳಿಗೆ ಇದೇನು ಮಹಾ. ಬಾ."

ಕತ್ತಿಯನ್ನು ಅವಳು ಕೈಯಲ್ಲಿ ಹಿಡಿದದ್ದು ಅದೇ ಮೊದಲು. ಅಷ್ಟೊಂದು ಹೆದರಿದ್ದ ವಸ್ತು ಅಷ್ಟು ಹಗುರ ಇರಬಹುದೆಂದು ಅವಳು ಎಣಿಸಿರಲಿಲ್ಲ. ಅಪ್ಪ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಕೂತು ಹೇಳಿಕೊಟ್ಟ. ಪಟ್ಟಿಯ ಮೇಲೆ ಕತ್ತಿಯ ಬೆನ್ನು ಮುಂದೆ ಹೋಗಬೇಕು, ಹರಿತವಾದ ಬಾಯಿ ಹಿಂದೆ ಬರಬೇಕು. ಕೊನೆ ಮುಟ್ಟಿದಾಗ ಬೆನ್ನಿನ ಮೇಲೆ ಹೊರಳಿಸಿ ವಾಪಸ್ ತರಬೇಕು. ಬಾಯಿಯ ಮೇಲೆ ಹೊರಳಿಸಿದರೆ ಪಟ್ಟಿಯೂ ಸೀಳುತ್ತದೆ, ಕತ್ತಿಯೂ ಕೆಡುತ್ತದೆ. ಪಟ್ಟಿ ಜೋಲು ಬಿಡಬಾರದು. ಒತ್ತಲಂತೂ ಬಾರದು. "ಮಲ್ಗಿರೋ ಕೂಸಿನ ಬೆನ್ನು ಸವರ್ದಂಗೆ" ಎಂದ. ಮೊದಲ ದಿನವೇ ಅವಳು ಅವಸರ ಮಾಡಿ ಪಟ್ಟಿಗೆ ಉಗುರುದ್ದದ ಸೀಳು ಹಾಕಿದಳು. ಅಪ್ಪ ಬೈಯಲಿಲ್ಲ. ಸೀಳಿನ ಅಂಚನ್ನು ಒರಟು ಕಾಗದದಿಂದ ತೀಡಿ, "ಇನ್ನೊಂದ್ಸಲ" ಎಂದ.

ಕೆಲವೇ ದಿನದಲ್ಲಿ ಅವಳ ಕೈ ಕುದುರಿತು. ಅಪ್ಪ ಕತ್ತಿಯನ್ನು ಮುಂಗೈಯ ರೋಮದ ಮೇಲೆ ಸುಮ್ಮನೆ ತಾಗಿಸುತ್ತಿದ್ದ. ರೋಮ ಸದ್ದಿಲ್ಲದೆ ಉದುರುತ್ತಿತ್ತು. "ನನಗಿಂತ ಚೆನ್ನಾಗಿ ಉಜ್ತೀಯ ಕಣೆ" ಎಂದು ಹೊಗಳುತ್ತಿದ್ದ. ಅವಳಿಗೆ ಆ ಹೊಗಳಿಕೆ ಬೇಕಿರಲಿಲ್ಲ. ಮೊದಲು ಅಪ್ಪನ ಕತ್ತಿಗೆ ಹೆದರುತ್ತಿದ್ದಳು, ಈಗ ತಾನೇ ಹರಿತ ಮಾಡಿಕೊಟ್ಟ ಕತ್ತಿಗೆ ಹೆದರಬೇಕಾಗಿತ್ತು. ಬಸ್ಸಿನಲ್ಲಿ ಕೂತರೆ ಅದೇ ಯೋಚನೆ. ಅಂಗಡಿಯಲ್ಲಿ ಮೊಬೈಲು ಹೊಡೆದುಕೊಂಡರೆ ಎದೆ ಧಸಕ್ಕೆನ್ನುತ್ತಿತ್ತು. ಅವ್ವನ ಫೋನಾದರೆ ಹಲೋ ಎನ್ನುವ ಮೊದಲೇ ಅಪ್ಪನಿಗೇನಾಯ್ತು ಎಂದು ಕೇಳುತ್ತಿದ್ದಳು. ಅವ್ವ ಕೊತ್ತಂಬರಿ ಸೊಪ್ಪು ತಾ ಎನ್ನಲು ಮಾಡಿರುತ್ತಿದ್ದಳು.

ಹೆದರಿದವರ ತಲೆಗೆ ಉಪಾಯ ಬೇಗ ಹೊಳೆಯುತ್ತದೆ, ಅದೇ ಅದರ ಕೆಡುಕು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಕತ್ತಿ ಹರಿತವಿಲ್ಲದಿದ್ದರೆ ಆಯಿತಲ್ಲ ಎಂದುಕೊಂಡಳು. ಮೊಂಡು ಕತ್ತಿ ಕೊಯ್ಯುವುದಿಲ್ಲ. ಗಡ್ಡ ಸರಿಯಾಗಿ ಬರುವುದಿಲ್ಲ. ಅಪ್ಪ ನಾಲ್ಕು ದಿನ ಗೊಣಗಿ, ಕತ್ತಿಗೆ ವಯಸ್ಸಾಯಿತೆಂದು ತಾನೇ ಎತ್ತಿಡುತ್ತಾನೆ. ಯಾರ ಮನಸ್ಸೂ ನೋಯುವುದಿಲ್ಲ. ಒಂದು ಶನಿವಾರ ಸಂಜೆ ಅಪ್ಪ ಗೆಳೆಯ ಮಹದೇವುವಿನ ಮನೆಗೆ ಹೋಗಿದ್ದಾಗ ಅವಳು ಹಿತ್ತಲಿಗೆ ಹೋಗಿ, ಕತ್ತಿ ಬಿಚ್ಚಿ, ಅದರ ಬಾಯಿಯನ್ನು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಮೆಲ್ಲಗೆ ಎಳೆದಳು. ಕಿರ್ ಎಂದಿತು. ಇನ್ನೊಮ್ಮೆ ಎಳೆದಳು. ಬೆಳಕಿಗೆ ಹಿಡಿದರೆ, ಮೊದಲು ಕಣ್ಣಿಗೆ ಕಾಣದಂತಿದ್ದ ಅಂಚಿನಲ್ಲಿ ಈಗ ತೆಳ್ಳನೆಯ ಬಿಳಿ ಗೆರೆ ಹೊಳೆಯುತ್ತಿತ್ತು. ಮಡಚಿ ಡಬ್ಬಿಯಲ್ಲಿಟ್ಟಳು. ಅಂದು ಬಹಳ ದಿನದ ಮೇಲೆ ಚೆನ್ನಾಗಿ ನಿದ್ದೆ ಬಂತು.

ಭಾನುವಾರ ಬೆಳಿಗ್ಗೆ ಪಟ್ಟಿಯ ಮೇಲೆ ಅದನ್ನು ತೋರಿಕೆಗೆ ನಾಲ್ಕು ಸಲ ಆಡಿಸಿ ಅಪ್ಪನ ಕೈಗೆ ಕೊಟ್ಟಳು. ಅವನು ನೋಡಲೂ ಇಲ್ಲ, ಮಗಳು ಉಜ್ಜಿದ್ದಲ್ಲವೆ. ಕಿಟಕಿಯ ಸರಳಿಗೆ ಸಿಕ್ಕಿಸಿದ್ದ ಕನ್ನಡಿಯ ಮುಂದೆ ನಿಂತು ನೊರೆ ಹಚ್ಚಿಕೊಂಡ. ಅವಳು ಒಲೆಯ ಬಳಿ ನಿರಾಳವಾಗಿ ಒಗ್ಗರಣೆಗೆ ಸಾಸಿವೆ ಹಾಕಿದಳು. ಹಿತ್ತಲಿನಿಂದ "ಎಳೀತದಲ್ಲ ಇದು" ಎಂಬ ಮಾತು ಕೇಳಿಸಿತು. ಒಳಗೊಳಗೇ ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ ತಂಬಿಗೆ ಉರುಳಿದ ಸದ್ದಾಯಿತು.

ಓಡಿಹೋಗಿ ನೋಡಿದರೆ ಎಡಗಡೆ ದವಡೆಯ ಕೆಳಗಿನ ನೊರೆ ಕೆಂಪಾಗಿತ್ತು. ನೋಡುತ್ತಿದ್ದಂತೆ ಕೆಂಪು ನೊರೆಯನ್ನು ದಾಟಿ ಕೊರಳಿಗೆ, ಕೊರಳಿನಿಂದ ಬನಿಯನ್ನಿಗೆ ಇಳಿಯಿತು. ಅಪ್ಪ ಒಂದು ಕೈಯಿಂದ ಗೋಡೆ ಹಿಡಿದು, ಇನ್ನೊಂದು ಕೈಯಲ್ಲಿದ್ದ ಕತ್ತಿಯನ್ನೇ ನೋಡುತ್ತಾ ನಿಂತಿದ್ದ. ಸಂಘಮಿತ್ರ ಟವಲನ್ನು ಮಡಚಿ ಗಾಯದ ಮೇಲೆ ಒತ್ತಿದಳು. ಟವಲು ನೆನೆಯಿತು. ಇನ್ನೊಂದು ತಂದು ಅದರ ಮೇಲೆಯೇ ಒತ್ತಿದಳು. ಏನು ಮಾಡಬೇಕೆಂದು ಅವಳಿಗೆ ಗೊತ್ತಿತ್ತು, ಕೈ ಅದನ್ನು ಮಾಡುತ್ತಲೂ ಇತ್ತು. ಚಲುವಮ್ಮ ಬರಿಗಾಲಲ್ಲಿ ಬೀದಿಗೆ ಓಡಿ ಆಟೋ ನಿಲ್ಲಿಸಿದಳು. ಆಸ್ಪತ್ರೆಯವರೆಗೂ ಸಂಘಮಿತ್ರ ಒತ್ತಿದ ಕೈ ತೆಗೆಯಲಿಲ್ಲ. ಅಂಗೈಯ ಕೆಳಗೆ ಅಪ್ಪನ ನಾಡಿ ಹೊಡೆದುಕೊಳ್ಳುತ್ತಿತ್ತು. ಇದು ನಿಲ್ಲದಿರಲಿ, ರಕ್ತ ನಿಲ್ಲಲಿ ಎಂದು ಯಾರಿಗೆಂದು ಗೊತ್ತಿಲ್ಲದೆ ಬೇಡಿಕೊಂಡಳು.

ಡಾಕ್ಟರು ಹೊಲಿಗೆ ಹಾಕಿ, ರಕ್ತ ನಿಂತಮೇಲೂ ಸಂಜೆಯವರೆಗೆ ಮಲಗಿಸಿಕೊಂಡಿದ್ದು, "ಸ್ವಲ್ಪದರಲ್ಲಿ ಹೋಯ್ತು, ಇನ್ನೂ ಆಳ ಇದ್ದಿದ್ರೆ ಕಷ್ಟ ಆಗ್ತಿತ್ತು. ಏನಾಯ್ತು" ಎಂದು ಕೇಳಿದರು.

"ಕತ್ತಿದೇನೂ ತಪ್ಪಿಲ್ಲ ಸಾರ್" ಎಂದ ಸಣ್ಣಮಾದಯ್ಯ. "ನನ್ನ ಮಗ್ಳೇ ಉಜ್ಜಿದ್ದು. ನನ್ನ ಕೈಯೇ ಹೋಗ್ಬುಡ್ತು."

ಸಂಘಮಿತ್ರ ನೆಲ ನೋಡುತ್ತಾ ನಿಂತಿದ್ದಳು.

ಮನೆಗೆ ಬಂದಮೇಲೆ ಅಪ್ಪ ಕತ್ತಿಯನ್ನು ತೊಳೆದು, ಎಣ್ಣೆ ಸವರಿ, ಡಬ್ಬಿಯ ಸಮೇತ ಅವಳ ಕೈಗಿಟ್ಟ. "ಎತ್ತಿಟ್ಬುಡು. ಇನ್ನು ಈ ಕೈ ನಂಬಂಗಿಲ್ಲ" ಎಂದ. ಅವಳು ಬೇಡಿದ್ದು ಅದೇ ತಾನೆ, ಸಿಕ್ಕಿತು. ಸಿಕ್ಕಮೇಲೆ ಅದರ ಮುಖ ನೋಡಲು ಅವಳಿಗೆ ಧೈರ್ಯವಾಗಲಿಲ್ಲ. ಕೈ ನಂಬದವನು ಕಾಲನ್ನೂ ನಂಬಲಿಲ್ಲ. ಬಚ್ಚಲಿಗೆ ಹೋಗಲು ಚಲುವಮ್ಮನ ಭುಜ ಹಿಡಿಯತೊಡಗಿದ. ಕಾಫಿಯನ್ನು ಮೊದಲು ತುಳುಕಿಸಿಕೊಂಡಾದರೂ ಕುಡಿಯುತ್ತಿದ್ದವನು ಈಗ ಲೋಟ ಮುಟ್ಟದೆ, ಯಾರಾದರೂ ಬಾಯಿಗೆ ಹಿಡಿಯಲೆಂದು ಕಾಯುತ್ತಿದ್ದ. ಬಿಳಿ ಗಡ್ಡ ಬೆಳೆಯಿತು. ಬೆಳಗಿನ ಟೀ ಅಂಗಡಿ, ಸಂಜೆಯ ಹರಟೆ ಎಲ್ಲ ನಿಂತವು. ಮಹದೇವು ಮನೆಗೇ ಬಂದು, "ಏನಣ್ಣ, ನಮ್ಗೆ ಹೇಳ್ದಂಗೆ ಸನ್ಯಾಸಿ ಆಗ್ಬುಟ್ಟ್ಯಾ" ಎಂದು ತಮಾಷೆ ಮಾಡಿದ. ಅಪ್ಪ ಟವಲನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ. ರಕ್ತ ಹರಿದು ಸಾಯುತ್ತಾನೆಂದು ಹೆದರಿದ್ದ ಮಗಳು, ಈಗ ಅವನು ಹೀಗೆ ಗೋಡೆ ನೋಡುತ್ತಲೇ ಮುಗಿದುಹೋಗುತ್ತಾನೆಂದು ಹೆದರಿದಳು. ಆ ಭಯಕ್ಕೆ ಒತ್ತಿ ಹಿಡಿಯಲು ಟವಲು ಕೂಡ ಇರಲಿಲ್ಲ.

ಒಂದು ಮಧ್ಯಾಹ್ನ ಚಲುವಮ್ಮ ಈಳಿಗೆಮಣೆಯ ಮುಂದೆ ಕೂತು ಸೋರೆಕಾಯಿ ಹೆಚ್ಚುತ್ತಾ ಬೆರಳು ಕೊಯ್ದುಕೊಂಡಳು.

"ಕಣ್ಣು ಸರಿ ಇಲ್ಲ, ನನಗೆ ಕೊಡು ಅಂದ್ರೆ ಕೇಳಲ್ಲ" ಎಂದಳು ಸಂಘಮಿತ್ರ.

"ಕಣ್ಣಲ್ಲ ಕಣೆ, ಈಳಿಗೆ ಮೊಂಡಾಗದೆ. ಹರಿತ ಇದ್ರೆ ಎಲ್ಲಿಗೆ ಇಟ್ಟೆ ಅಲ್ಲಿ ಹೋಯ್ತದೆ. ಮೊಂಡ ಆದ್ರೆ ಒತ್ತಬೇಕು. ಒತ್ತುದ್ರೆ ಜಾರ್ತದೆ, ಜಾರುದ್ರೆ ಕೊಯ್ತದೆ. ಇಷ್ಟು ವರ್ಷ ಅಡುಗೆಮನೇಲಿ ಇದ್ದು ಅಷ್ಟೂ ಗೊತ್ತಿಲ್ವಾ ನಿಂಗೆ."

ಗೊತ್ತಿತ್ತು. ಅಡುಗೆಮನೆಯಲ್ಲಿ ಗೊತ್ತಿದ್ದದ್ದು ಹಿತ್ತಲಿಗೆ ಹೋಗುವಷ್ಟರಲ್ಲಿ ಭಯದಿಂದ ಮರೆತುಹೋಗಿತ್ತು. ಅವಳು ಅವ್ವನ ಬೆರಳಿಗೆ ಬಟ್ಟೆ ಕಟ್ಟಿ, ಕಪಾಟಿನಿಂದ ಡಬ್ಬಿ ತೆಗೆದುಕೊಂಡು ಅಪ್ಪನ ಮಂಚದ ಬಳಿ ಹೋಗಿ ನಿಂತಳು.

"ಅಪ್ಪ, ನಿನ್ನ ಕೈ ಕೊಯ್ದಿದ್ದಲ್ಲ. ನಾನು ಕತ್ತೀನ ಒಗೆಯೋ ಕಲ್ಲಿನ ಮೇಲೆ ಎಳೆದು ಮೊಂಡು ಮಾಡಿದ್ದೆ. ಮೊಂಡು ಇದ್ರೆ ಕೊಯ್ಯಲ್ಲ ಅನ್ಕೊಂಡೆ."

ಸಣ್ಣಮಾದಯ್ಯ ಎದ್ದು ಕೂತ. ಯಾರ ಭುಜವನ್ನೂ ಹಿಡಿಯದೆ ಕೂತ. ಕತ್ತಿ ಬಿಚ್ಚಿ ಕಿಟಕಿಯ ಬೆಳಕಿಗೆ ಹಿಡಿದು, ಅಂಚಿನ ಬಿಳಿ ಗೆರೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದ. ಬೈದರೂ ಸರಿ, ಹೊಡೆದರೂ ಸರಿ ಎಂದು ಅವಳು ಕಾದಳು.

"ಅಂಗಾರೆ ನನ್ನ ಕೈ ಅಲ್ವಾ?" ಎಂದು ಕೇಳಿದ.

"ಅಲ್ಲಪ್ಪ."

"ಇದ್ನ ಹೇಳಕ್ಕೆ ಇಷ್ಟು ದಿನ ಬೇಕಾಯ್ತಾ ನಿಂಗೆ." ಅವನ ಕಣ್ಣು ಕೆಂಪಾಗಿತ್ತು. "ಕೈ ಹೋಯ್ತು ಅಂದ್ಕಂಡು ನಾನು ದಿನಾ ಸತ್ತೆ ಕಣೆ."

ಅವಳು ಅತ್ತಳು. ಅವನು ಸಮಾಧಾನ ಮಾಡಲಿಲ್ಲ. ಅಳು ನಿಂತಮೇಲೆ, "ಮೊಂಡು ಮಾಡ್ದೋಳು ನೀನು. ಹರಿತ ಮಾಡೋಳೂ ನೀನೇ" ಎಂದು ಮಂಚದ ಕೆಳಗಿನಿಂದ ಬಟ್ಟೆ ಸುತ್ತಿದ ಸಾಣೆಕಲ್ಲು ತೆಗೆಸಿದ. ನೀರು ಚಿಮುಕಿಸಿ, ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲಿಗೆ ತಾಗುವಂತೆ ಚಪ್ಪಟೆ ಇಟ್ಟು, ಬಾಯಿ ಮುಂದೆ ಮಾಡಿ ಎಳೆಯಬೇಕು. ಬಿಳಿ ಗೆರೆ ಮಾಯವಾಗಲು ಎರಡು ಸಂಜೆ ಹಿಡಿಯಿತು. ಆಮೇಲೆ ಪಟ್ಟಿ. ಅವನು ಮುಂಗೈಗೆ ತಾಗಿಸಿ ನೋಡಿ, ಕತ್ತಿಯನ್ನು ತಾನು ಇಟ್ಟುಕೊಳ್ಳದೆ ಹಿಡಿಯನ್ನು ಅವಳ ಕಡೆ ತಿರುಗಿಸಿ ಚಾಚಿದ.

"ನೀನೇ ತೆಗಿ."

"ನಾನಾ? ಬೇಡಪ್ಪ. ನನಗೆ ಭಯ."

"ಕೊಯ್ದಿದ್ದು ನನ್ನ ಕೈ ಅಲ್ದೆ ಇರ್ಬೋದು. ನಡುಗೋದು ನನ್ನ ಕೈಯೇ ಅಲ್ವಾ. ನಿಂದು ನಡುಗಲ್ಲ. ನೀನು ತೆಗುದ್ರೆ ತೆಗಿ, ಇಲ್ದಿದ್ರೆ ಈ 'ಸನ್ಯಾಸಿ' ಗಡ್ಡನೇ ಇರ್ಲಿ."

ಅವಳು ಒಂದು ವಾರ ಗಡುವು ಕೇಳಿದಳು. ಹೊಲಿಗೆ ಬಿಚ್ಚಿಸಿದ್ದ ಗಾಯ ಕೂಡಿಕೊಂಡಿತು. ರಕ್ತದ ಪರೀಕ್ಷೆ ಮಾಡಿಸಿ, ಅದು ಇರಬೇಕಾದ ಮಟ್ಟದಲ್ಲಿದೆ ಎಂದು ನೋಡಿಕೊಂಡಳು. ಅಂಗಡಿಯಿಂದ ಬಲೂನು ತಂದು, ಊದಿ, ನೊರೆ ಹಚ್ಚಿ, ಅದರ ಮೇಲೆ ಕತ್ತಿ ಆಡಿಸಿ ಕಲಿತಳು. ಬಲೂನು ಸಿಡಿದಾಗಲೆಲ್ಲ ಚಲುವಮ್ಮ ಎದೆ ಹಿಡಿದುಕೊಂಡು, "ಅವ್ರ ಗಡ್ಡ ತೆಗ್ಯಕ್ ಮುಂಚೆ ನನ್ನ ಪ್ರಾಣ ತೆಗೀತೀಯ" ಎನ್ನುತ್ತಿದ್ದಳು. ಬಲೂನು ಸಿಡಿಯುವುದು ನಿಂತಮೇಲೂ ಸಂಘಮಿತ್ರಳ ಭಯ ನಿಲ್ಲಲಿಲ್ಲ. ಬಲೂನಿನೊಳಗೆ ಅಪ್ಪ ಇರಲಿಲ್ಲವಲ್ಲ.

ಭಾನುವಾರ ಹಿತ್ತಲಿನಲ್ಲಿ ತೋಳಿನ ಕುರ್ಚಿ ಹಾಕಿ ಅಪ್ಪನನ್ನು ಕೂರಿಸಿದಳು. ಹತ್ತಿ, ಮಡಚಿದ ಬಟ್ಟೆ, ರಕ್ತ ನಿಲ್ಲಿಸುವ ಪಟಿಕದ ಕಲ್ಲು ಎಲ್ಲ ಕೈಗೆಟುಕುವಂತೆ ಇಟ್ಟುಕೊಂಡಳು. ಉದ್ದದ ಗಡ್ಡವನ್ನು ಕತ್ತರಿಯಲ್ಲಿ ಇಳಿಸಿ, ಬಿಸಿನೀರಿನ ಬಟ್ಟೆ ಹಾಕಿ ನೆನೆಸಿ, ನೊರೆ ಹಚ್ಚಿದಳು. ಅಪ್ಪ ತಲೆ ಹಿಂದಕ್ಕೆ ಒರಗಿಸಿ ಕಣ್ಣು ಮುಚ್ಚಿದ. ಮುದುಕನ ಗಂಟಲು ಅಷ್ಟು ತೆಳ್ಳಗಿರುತ್ತದೆಂದು ಅವಳು ಅದುವರೆಗೆ ನೋಡಿರಲಿಲ್ಲ. ಒಳಗೆ ನರ ಮಿಡಿಯುವುದು ಕಾಣುತ್ತಿತ್ತು.

ಎಡಗೈ ಬೆರಳಿನಿಂದ ಬಲಗೆನ್ನೆಯ ಚರ್ಮವನ್ನು ಮೇಲಕ್ಕೆ ಎಳೆದು ಹಿಡಿದು, ಕತ್ತಿಯನ್ನು ಓರೆಯಾಗಿಸಿ ಕೂದಲು ಬೆಳೆದ ದಿಕ್ಕಿಗೇ ಇಳಿಸಿದಳು. ಸರ್ ಎಂದಿತು. ನೊರೆ ಸರಿದ ಜಾಗದಲ್ಲಿ ಹಳೆಯ ಅಪ್ಪ ಕಂಡ. ರಕ್ತವಿರಲಿಲ್ಲ. ಉಸಿರು ಬಿಟ್ಟು ಇನ್ನೊಮ್ಮೆ ಇಳಿಸಿದಳು. ಬಲಗೆನ್ನೆ, ಬಲದವಡೆ, ಅದರ ಕೆಳಗಿನ ಕತ್ತು ಮುಗಿಯುವ ಹೊತ್ತಿಗೆ ಅವಳ ರವಿಕೆ ಬೆವರಿನಲ್ಲಿ ಬೆನ್ನಿಗೆ ಅಂಟಿತ್ತು. ಎಡಕ್ಕೆ ಬಂದಳು. ದವಡೆಯ ಕೆಳಗೆ ನೊರೆಯ ನಡುವೆ ಗಾಯದ ಗುರುತು ಇನ್ನೂ ಕೆಂಪಗಿತ್ತು. ಅದನ್ನು ಕಂಡದ್ದೇ ಅವಳ ಕೈ ನಿಂತಿತು.

ಆಗ ಅಪ್ಪನ ಕೈಗಳ ಮೇಲೆ ಕಣ್ಣು ಬಿತ್ತು. ಕುರ್ಚಿಯ ತೋಳುಗಳನ್ನು ಹಿಡಿದಿದ್ದ ಬೆರಳ ಗೆಣ್ಣುಗಳು ಬಿಳಿಚಿಕೊಂಡಿದ್ದವು. ಬಲಗೈ ಮಾತ್ರವಲ್ಲ, ಇಡೀ ಮೈ ನಡುಗುತ್ತಿತ್ತು. ಅವನಿಗೂ ಕತ್ತಿಯ ಭಯ ಹಿಡಿದಿದೆ ಎಂದುಕೊಂಡಳು. ನಡುಗುವ ಗಂಟಲ ಮೇಲೆ ಕತ್ತಿ ಇಡುವಷ್ಟು ಎದೆ ಅವಳಿಗಿರಲಿಲ್ಲ.

"ಅಪ್ಪ, ಇವತ್ತಿಗೆ ಸಾಕು, ಏಳು. ಉಳಿದಿದ್ದು ನಾಳೆ ತೆಗೀತೀನಿ."

ಅವನು ಏಳಲಿಲ್ಲ. ಕಣ್ಣನ್ನೂ ಬಿಡಲಿಲ್ಲ. "ಏಳು ಅನ್ಬೇಡ ಕಣವ್ವ" ಎಂದ. ಆ ದನಿಯನ್ನು ಅವಳು ಹಿಂದೆಂದೂ ಕೇಳಿರಲಿಲ್ಲ.

"ಯಾಕಪ್ಪ, ಏನಾಯ್ತು?"

ಅವನು ಮುಚ್ಚಿದ ಕಣ್ಣಿನಲ್ಲೇ ಹೇಳಿದ. "ಮದ್ವೆಗೂ ಮುಂಚೆ. ಹೋಬಳೀಲಿ ಹೊಸ್ದಾಗಿ ಒಂದು ಅಂಗಡಿ ಆಗಿತ್ತು. ಕನ್ನಡಿ, ತಿರುಗೋ ಕುರ್ಚಿ. ನನ್ನ ಗುರ್ತು ಯಾರ್ಗೂ ಇಲ್ಲ ಅಂತ ಹೋಗಿ ಕೂತ್ಕಂಡೆ. ಅಂಗ್ಡಿಯೋನು ಚೆನ್ನಾಗೇ ಮಾತಾಡುಸ್ದ. ಒಂದು ಕಡೆ ಕೆನ್ನೆ ತಗುದಿದ್ದ. ಅಷ್ಟೊತ್ಗೆ ನಮ್ಮೂರ ಯಜಮಾನ್ರ ಮನೆಯೋನೊಬ್ಬ ಬಂದು ಬಾಗ್ಲಲ್ಲಿ ನಿಂತ್ಕಂಡು, 'ಇವ್ನು ಯಾವ ಕೇರಿಯೋನು ಗೊತ್ತಾ ನಿಂಗೆ' ಅಂದ. ಅಷ್ಟೇ. ಬೈನೂ ಇಲ್ಲ, ಹೊಡೀನೂ ಇಲ್ಲ. ಅಂಗ್ಡಿಯೋನ ಕತ್ತಿ ನನ್ನ ಗಂಟ್ಲ ಮೇಲೇ ಇತ್ತು. ನಡುಗ್ತಿತ್ತು. ಪಾಪ, ಅವ್ನೂ ಹೆದ್ರುದ್ದ, ಅಂಗ್ಡಿ ಮುಚ್ಚುಸ್ಬುಡ್ತಾರೆ ಅಂತ. 'ಏಳಪ್ಪ, ಏಳು' ಅಂದ. ಮೆತ್ತಗೇ ಅಂದ."

"ಆಮೇಲೆ?"

"ಆಮೇಲೇನು. ಅರ್ಧ ಮೊಖದಲ್ಲಿ ನೊರೆ ಅಂಗೇ ಇತ್ತು. ಟವಲ್ ಸುತ್ಕಂಡು ಊರ್ಗೆ ನಡ್ಕಂಡು ಬಂದೆ. ಕೇಳ್ದೋರ್ಗೆಲ್ಲ ಹಲ್ನೋವು ಅಂದೆ. ನಿಮ್ಮವ್ವಂಗೂ ಇದ್ನ ಹೇಳಿಲ್ಲ."

ಅವ್ವ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಮೆಲ್ಲಗೆ ಬಂದು ಕುರ್ಚಿಯ ಹಿಂದೆ ನಿಂತು, ಅವನ ತಲೆಯನ್ನು ಎರಡೂ ಕೈಯಲ್ಲಿ ತನ್ನ ಹೊಟ್ಟೆಗೆ ಒರಗಿಸಿಕೊಂಡಳು.

"ಕೊಯ್ತದೆ ಅಂತ ನಂಗೆ ಹೆದ್ರಿಕೆ ಇಲ್ಲ ಕಣವ್ವ" ಎಂದ ಸಣ್ಣಮಾದಯ್ಯ. "ಕೊಯ್ದ್ರೆ ಕೊಯ್ಯಲಿ. ಅರ್ಧಕ್ಕೆ ಏಳು ಅಂದ್ಬುಡ್ತಾರೆ ಅಂತ. ಅದಕ್ಕೇ ಯಾವ ಅಂಗ್ಡೀಲೂ ಕೂರ್ನಿಲ್ಲ."

ಅದನ್ನೇ ಅವಳು ಈಗ ತಾನೇ ಅಂದಿದ್ದಳು. ಸಂಘಮಿತ್ರ ಕತ್ತಿಯನ್ನು ನೀರಲ್ಲಿ ಅದ್ದಿ ಒರೆಸಿ, ಎಡಗೆನ್ನೆಯಲ್ಲಿ ಒಣಗತೊಡಗಿದ್ದ ನೊರೆಯ ಮೇಲೆ ಹೊಸ ನೊರೆ ಹಚ್ಚಿದಳು. ಭಯ ಹೋಗಿರಲಿಲ್ಲ. ಗಾಯದ ಗುರುತು ಅಲ್ಲೇ ಇತ್ತು, ಮಾತ್ರೆ ಅವನ ರಕ್ತದಲ್ಲಿತ್ತು, ಕತ್ತಿ ಹಿಂದೆಂದಿಗಿಂತ ಹರಿತವಾಗಿತ್ತು. ಆದರೆ ಆ ಭಯಕ್ಕಿಂತ ದೊಡ್ಡದೊಂದು ಈಗ ಎದುರಿಗೆ ಕೂತಿತ್ತು. ಅವನ ನಡುಕ ಇಳಿಯುವವರೆಗೆ ಕಾದು, ಚರ್ಮ ಎಳೆದು ಹಿಡಿದು, ಗುರುತಿನ ಸುತ್ತ ಅಕ್ಕಿಕಾಳಿನಷ್ಟಷ್ಟೇ ಕೂದಲು ತೆಗೆಯುತ್ತಾ ಹೋದಳು. ಎಡಗೆನ್ನೆ ಮುಗಿಸಿದಳು. ಗದ್ದ ಮುಗಿಸಿದಳು. ಮೀಸೆಯ ಮೇಲಂಚು ತಿದ್ದಿದಳು. ಕಿವಿಯ ಹಿಂದೆ ಉಳಿದಿದ್ದ ಎರಡು ಕೂದಲನ್ನೂ ಬಿಡಲಿಲ್ಲ. ಬಿಸಿನೀರಿನ ಬಟ್ಟೆಯಿಂದ ಮುಖ ಒರೆಸಿದಳು. ಎಲ್ಲೂ ಒಂದು ತೊಟ್ಟು ರಕ್ತವಿರಲಿಲ್ಲ.

ಅಪ್ಪ ಅಂಗೈಯಿಂದ ಬಲಗೆನ್ನೆ ಸವರಿಕೊಂಡ, ಎಡಗೆನ್ನೆ ಸವರಿಕೊಂಡ, ಮತ್ತೆ ಬಲಗೆನ್ನೆಗೆ ಬಂದ.

"ಆಯ್ತಾ?" ಎಂದ.

"ಆಯ್ತಪ್ಪ, ಪೂರ್ತಿ ಆಯ್ತು."

"ಏಳ್ಬೋದಾ ಅಂಗಾರೆ?"

"ಕೂತ್ಕೊಳಪ್ಪ" ಎಂದಳು. "ನಿನಗೆ ಏಳಬೇಕು ಅನಿಸಿದಾಗ ಏಳು."

ಚಲುವಮ್ಮ ಅಲ್ಲಿಗೇ ಕಾಫಿ ತಂದುಕೊಟ್ಟಳು. ಲೋಟವನ್ನು ಅವನು ತಾನೇ ಹಿಡಿದುಕೊಂಡ, ಸ್ವಲ್ಪ ತುಳುಕಿತು. ಬಿಸಿಲು ಒಗೆಯುವ ಕಲ್ಲು ದಾಟಿ ಅವನ ಪಾದಕ್ಕೆ ಬಂದು ಮೊಣಕಾಲಿಗೇರಿದರೂ ಅವನು ಆ ಕುರ್ಚಿಯಲ್ಲೇ ಕೂತಿದ್ದ.